ಬೇಟೆನಾಯಿ ಮನೆನಾಯಿಯಾದ ಬಗೆ



ಈ ಪುಟಗಳಲ್ಲಿ ಕೊಳೆರೋಗ, ಕಾಂಡಕೊರಕ, ಗೊಬ್ಬರದ ದರ, ಅಡಿಕೆಯ ಧಾರಣೆ ಇವುಗಳ ವಿಚಾರವೇ ಹೆಚ್ಚು. ಈ ಬಾರಿ ನಾಯಿಯ ಬಗ್ಗೆ ಬರೆಯಲು ಹೊರಟಿದ್ದೇವೆಂದು ಹೇಳಿದಾಗ ಕೆಲವು ಮಿತ್ರರು ನಕ್ಕುಬಿಟ್ಟರು. ಹಾಗೆ ನಕ್ಕವರ ಮನೆಯ ಜಗಲಿಯ ಕೆಳಗೂ ಒಂದು ನಾಯಿ ಮಲಗಿಯೇ ಇರುತ್ತದೆ. ತೋಟದ ಮನೆಗೂ ನಾಯಿಗೂ ಇರುವ ಸಂಬಂಧ ಇಂದು ನಿನ್ನೆಯದಲ್ಲ. ನೆರೆಮನೆ ಕೂಗಳತೆಯಲ್ಲಿ ಇಲ್ಲದ ಕಡೆ, ಕತ್ತಲಾದ ಮೇಲೆ ಅಂಗಳಕ್ಕೆ ಬಂದದ್ದು ಹಂದಿಯೋ ಮನುಷ್ಯನೋ ಎಂದು ಮೊದಲು ತಿಳಿಸುವುದು ಅದೇ ತಾನೆ?

ಆದರೆ ಈಗೀಗ ನಮ್ಮ ಮನೆಗಳಿಗೆ ಬರುತ್ತಿರುವ ನಾಯಿಗಳು ಹಿಂದಿನ ನಾಡನಾಯಿಗಳಂತಲ್ಲ. ದೊಡ್ಡ ಎಸ್ಟೇಟುಗಳಲ್ಲಿ ಲ್ಯಾಬ್ರಡಾರ್, ಸ್ಪ್ಯಾನಿಯಲ್, ಪಾಯಿಂಟರ್ ಎಂದು ಸೀಮೆಯ ಬೇಟೆನಾಯಿಗಳನ್ನು ಸಾಕುತ್ತ ಬಂದದ್ದು ಎಲ್ಲರಿಗೂ ಗೊತ್ತಿರುವ ಸಂಗತಿ. ಅವುಗಳ ಮರಿಗಳು, ಮರಿಗಳ ಮರಿಗಳು, ಬೇಲಿ ಹಾರಿ ಹುಟ್ಟಿದ ಬೆರಕೆ ಮರಿಗಳು ಕೈಯಿಂದ ಕೈಗೆ ದಾಟುತ್ತ ಎರಡು ಮೂರು ಎಕರೆಯ ನಮ್ಮಂಥವರ ಮನೆಗೂ ಬಂದು ಸೇರುತ್ತಿವೆ. ಮರಿ ಮುದ್ದಾಗಿದೆಯೆಂದು ತಂದುಕೊಳ್ಳುತ್ತೇವೆ. ಆರು ತಿಂಗಳು ಕಳೆಯುವಷ್ಟರಲ್ಲಿ ಏಕಾದರೂ ತಂದೆವೋ ಎನ್ನಿಸುತ್ತದೆ. ನಮ್ಮ ಮನೆಯಲ್ಲೂ ಹಾಗೆಯೇ ಆಯಿತು. ಆ ಕಥೆಯನ್ನೂ ಅದರಿಂದ ಕಲಿತ ಪಾಠವನ್ನೂ ಮುಚ್ಚುಮರೆಯಿಲ್ಲದೆ ಇಲ್ಲಿ ಬರೆದಿದ್ದೇವೆ.

ಕೆಂಚ ಬಂದದ್ದು

ನಾಲ್ಕು ವರ್ಷದ ಹಿಂದೆ, ಮೇ ತಿಂಗಳ ಕೊನೆಯಲ್ಲಿ, ಮಳೆ ಹಿಡಿಯುವುದಕ್ಕೆ ಮುಂಚೆ, ಬಂಧುಗಳೊಬ್ಬರು ಎರಡು ತಿಂಗಳ ಮರಿಯೊಂದನ್ನು ಗೋಣಿಚೀಲದಲ್ಲಿ ಸುತ್ತಿಕೊಂಡು ತಂದು ಜಗಲಿಯ ಮೇಲೆ ಬಿಟ್ಟರು. ತಾಯಿ ಲ್ಯಾಬ್ರಡಾರ್, ಅದರಲ್ಲಿ ಅನುಮಾನವಿಲ್ಲ. ತಂದೆ ಯಾರೆಂದು ಕೇಳಿದರೆ, "ಪಕ್ಕದ ಎಸ್ಟೇಟಿನ ಸ್ಪ್ಯಾನಿಯಲ್ ಇರಬೇಕು, ಕಿವಿ ನೋಡಿ" ಎಂದರು. ಕಿವಿಗಳು ನಿಜಕ್ಕೂ ಗುಂಗುರು ಕೂದಲಿನವು, ಕೆನ್ನೆಯ ಕೆಳಗಿನವರೆಗೆ ಜೋತುಬಿದ್ದಿದ್ದವು. ಮೈ ಬಣ್ಣ ಸುಲಿದ ಹಣ್ಣಡಿಕೆಯ ಸಿಪ್ಪೆಯ ಹಾಗೆ ಕೆಂಪು. ಮಕ್ಕಳು ಕೆಂಚ ಎಂದು ಹೆಸರಿಟ್ಟರು.

ನಮ್ಮ ತಾಯಿಯವರು ಮಾತ್ರ ಒಪ್ಪಲಿಲ್ಲ. "ಸಾಕುವುದಾದರೆ ಸಾಕಿ, ಜಗಲಿಯ ಮೆಟ್ಟಿಲು ದಾಟಿ ಒಳಗೆ ಬರಕೂಡದು" ಎಂದರು. ಹದಿನೈದು ದಿನ ಆ ಮಾತು ನಡೆಯಿತು. ಆರಿದ್ರಾ ಮಳೆ ಜಡಿಯಲು ಹಿಡಿದು, ಮರಿ ಬಾಗಿಲ ಸಂದಿಯಲ್ಲಿ ಮೂಗಿಟ್ಟು ನಡುಗುವುದನ್ನು ಕಂಡ ಮೇಲೆ ಅವರೇ ಎದ್ದುಹೋಗಿ ಬಚ್ಚಲಿನ ಒಲೆಯ ಪಕ್ಕ ಹಳೆಯ ಕಂಬಳಿ ಹಾಸಿದರು. ಅಡಿಗೆಮನೆ ಮಾತ್ರ ಇಂದಿಗೂ ಅವನಿಗೆ ನಿಷಿದ್ಧ. ಅದನ್ನು ಅವನು ಮೀರಿಲ್ಲವೆಂಬುದನ್ನೂ ಹೇಳಬೇಕು.

ರಕ್ತದಲ್ಲಿ ಬಂದದ್ದು ಎಷ್ಟು?

ಲ್ಯಾಬ್ರಡಾರ್ ಮೂಲದಲ್ಲಿ ಮೀನುಗಾರರ ನಾಯಿ. ಇದರ ಪೂರ್ವಿಕರು ಕೆನಡಾದ ಪೂರ್ವತೀರದ ನ್ಯೂಫೌಂಡ್‌ಲೆಂಡ್ ದ್ವೀಪದಲ್ಲಿ, ತಣ್ಣನೆಯ ಸಮುದ್ರಕ್ಕಿಳಿದು ಬಲೆಯ ಹಗ್ಗವನ್ನೂ ತಪ್ಪಿಸಿಕೊಂಡ ಮೀನನ್ನೂ ಕಚ್ಚಿಕೊಂಡು ಬರುವ ಕೆಲಸ ಮಾಡುತ್ತಿದ್ದುವು. ಹತ್ತೊಂಬತ್ತನೆಯ ಶತಮಾನದಲ್ಲಿ ಹಡಗಿನಲ್ಲಿ ಇಂಗ್ಲೆಂಡಿಗೆ ಬಂದ ಇವುಗಳನ್ನು ಅಲ್ಲಿನ ಶ್ರೀಮಂತರು ಬೇಟೆಗೆ ಪಳಗಿಸಿದರು. ಕೋವಿಯಿಂದ ಹೊಡೆದ ಹಕ್ಕಿ ಕೆರೆಗೋ ಜೌಗಿಗೋ ಬಿದ್ದರೆ ಅದನ್ನು ಹಲ್ಲು ಊರದೆ, ಗರಿ ಮುರಿಯದೆ ಹೆಕ್ಕಿ ತಂದು ಒಡೆಯನ ಕೈಗೆ ಕೊಡುವುದು ಇದರ ಕೆಲಸ. 1903ರಲ್ಲಿ ಇಂಗ್ಲೆಂಡಿನ ಕೆನಲ್ ಕ್ಲಬ್ ಇದನ್ನು ಪ್ರತ್ಯೇಕ ತಳಿಯೆಂದು ಒಪ್ಪಿತು.

ಸ್ಪ್ಯಾನಿಯಲ್‌ನ ಕೆಲಸ ಬೇರೆ. ಅದು ಮೂಗನ್ನು ನೆಲಕ್ಕೆ ಹಚ್ಚಿ, ಬಾಲ ಬೀಸುತ್ತ, ಒಂದೊಂದು ಪೊದೆಯನ್ನೂ ಹೊಕ್ಕು ಅಡಗಿರುವ ಹಕ್ಕಿಯನ್ನು ಎಬ್ಬಿಸಬೇಕು. ಪಾಯಿಂಟರ್ ಹಾಗೂ ಅಲ್ಲ. ಹಕ್ಕಿಯ ವಾಸನೆ ಬಂದೊಡನೆ ಒಂದು ಕಾಲೆತ್ತಿ ಕಲ್ಲಿನಂತೆ ನಿಂತು, ಎಲ್ಲಿದೆಯೆಂಬುದನ್ನು ಮೂಗಿನ ದಿಕ್ಕಿನಿಂದ ತೋರಿಸುತ್ತದೆ. ನಮ್ಮ ನಾಡಿನ ಮುಧೋಳ ನಾಯಿಯ ರೀತಿಯೇ ಬೇರೆ. ಅದು ಮೂಗಿಗಿಂತ ಕಣ್ಣನ್ನು ನಂಬಿ, ಬಯಲಿನಲ್ಲಿ ಓಡುವ ಮೊಲವನ್ನು ಬೆನ್ನಟ್ಟಿ ಹಿಡಿಯುವಂಥದು. ಎಲ್ಲವನ್ನೂ ನಾವು ಬೇಟೆನಾಯಿ ಎಂಬ ಒಂದೇ ಹೆಸರಿನಿಂದ ಕರೆದರೂ ಒಂದೊಂದರ ಒಳಗಿನ ತುಡಿತ ಒಂದೊಂದು ಬಗೆ.

ಬೆರಕೆಯಲ್ಲಿ ಇವು ಹೇಗೆ ಕೂಡಿಕೊಂಡಿವೆಯೆಂದು ಮರಿಯ ಮುಖ ನೋಡಿ ಹೇಳಲು ಬರುವುದಿಲ್ಲ. ಒಂದೇ ಸೂಲಿನ ಆರು ಮರಿಗಳಲ್ಲಿ ಆರು ಗುಣ. 2022ರಲ್ಲಿ ಅಮೆರಿಕದ ವಿಜ್ಞಾನಿಗಳು ಹದಿನೆಂಟು ಸಾವಿರಕ್ಕೂ ಹೆಚ್ಚು ನಾಯಿಗಳ ನಡವಳಿಕೆಯನ್ನು ಪರಿಶೀಲಿಸಿ ಒಂದು ವರದಿ ಪ್ರಕಟಿಸಿದರು. ಅವುಗಳಲ್ಲಿ ಬೆರಕೆ ನಾಯಿಗಳೂ ಬಹಳ ಇದ್ದವು. ಒಂದು ನಾಯಿಗೂ ಇನ್ನೊಂದು ನಾಯಿಗೂ ನಡವಳಿಕೆಯಲ್ಲಿ ಕಾಣುವ ವ್ಯತ್ಯಾಸದಲ್ಲಿ ತಳಿಯಿಂದ ವಿವರಿಸಬಹುದಾದದ್ದು ನೂರಕ್ಕೆ ಸುಮಾರು 9 ಪಾಲು ಮಾತ್ರ ಎಂದು ಅವರು ಕಂಡರು. ಜಾತಿಯ ಹೆಸರನ್ನು ನಂಬಿ ಕೂರಬೇಡಿ, ಮುಂದಿರುವ ನಾಯಿಯನ್ನು ನೋಡಿ ಎಂಬುದು ಇದರ ತಾತ್ಪರ್ಯ. ಆದರೆ ಈ ಬುದ್ಧಿ ನಮಗೆ ಬಂದದ್ದು ತಡವಾಗಿ.

ಕೋಳಿಯ ಪ್ರಕರಣ

ಮೊದಲ ಆರು ತಿಂಗಳು ಕೆಂಚನ ಹವ್ಯಾಸ ನಮಗೆ ತಮಾಷೆಯಾಗಿತ್ತು. ತೋಟದಲ್ಲಿ ಬಿದ್ದ ಹಾಳೆ, ಕೆಲಸದವರ ಚಪ್ಪಲಿ, ತೊಳೆದು ಒಣಹಾಕಿದ ಪಂಚೆ, ಮಕ್ಕಳ ಪುಸ್ತಕ, ಕೊನೆಗೆ ಅಂಚೆಯವರು ಮೆಟ್ಟಿಲ ಮೇಲೆ ಇಟ್ಟುಹೋದ ಕಾಗದ, ಎಲ್ಲವನ್ನೂ ಬಾಯಲ್ಲಿ ಕಚ್ಚಿಕೊಂಡು ಬಂದು ಜಗಲಿಯ ಒಂದೇ ಮೂಲೆಯಲ್ಲಿ ಪೇರಿಸುತ್ತಿದ್ದ. ನಾವು ಬೆನ್ನು ತಟ್ಟುತ್ತಿದ್ದೆವು. ತಟ್ಟಿದಷ್ಟೂ ತರುತ್ತಿದ್ದ.

ದೀಪಾವಳಿ ಕಳೆದು ಅಡಿಕೆ ಕೊಯ್ಲು ಪ್ರಾರಂಭವಾಗಿತ್ತು. ಒಂದು ಬೆಳಿಗ್ಗೆ ಅವನ ಬಾಯಲ್ಲಿ ಇದ್ದದ್ದು ಕೆಳಮನೆ ಅಕ್ಕನವರ ಹೇಂಟೆ. ಗರಿಯೂ ಮುರಿದಿರಲಿಲ್ಲ. ಬಿಡಿಸಿದೊಡನೆ ಕೊಕ್ಕೊಕ್ಕೋ ಎಂದು ಓಡಿಹೋಯಿತು. ನಾವು ನಕ್ಕೆವು, ಅಕ್ಕನವರೂ ನಕ್ಕರು. ನಗಬಾರದಾಗಿತ್ತು. ವಾರದ ಬಳಿಕ ಇನ್ನೊಂದನ್ನು ತಂದ. ಈ ಸಲ ಕೋಳಿ ಒದ್ದಾಡಿತು, ಅವನು ಬಿಗಿ ಹಿಡಿದ, ಕೋಳಿ ಸತ್ತಿತು. ಅದು ಕಾವಿಗೆ ಕೂರಿಸಿದ್ದ ಕೋಳಿ. ಅಕ್ಕನವರು ಅಂಗಳದಲ್ಲಿ ನಿಂತು, "ನಿಮ್ಮ ಸೀಮೆನಾಯಿಗೆ ಆಟ, ನಮಗೆ ಸಂಸಾರ. ಇನ್ನೊಮ್ಮೆ ನಮ್ಮ ಬೇಲಿ ದಾಟಿದರೆ ಕತ್ತಿಯಲ್ಲೇ ಮಾತು" ಎಂದರು. ಅವರ ಮಾತಿನಲ್ಲಿ ತಪ್ಪೇನೂ ಇರಲಿಲ್ಲ. ಎರಡು ತಲೆಮಾರಿನಿಂದ ನಮ್ಮೆರಡು ಮನೆಗಳ ನಡುವೆ ಕೆಟ್ಟ ಮಾತು ಬಂದಿರಲಿಲ್ಲ. ಅಂದಿನಿಂದ ಎರಡು ತಿಂಗಳು ಹಾಲು ಮೊಸರಿನ ಬಳಕೆ ನಿಂತುಹೋಯಿತು.

ಕೆಂಚನಿಗೆ ಸರಪಳಿ ಬಿತ್ತು. ನಮ್ಮ ಎರಡನೆಯ ತಪ್ಪು ಅದೇ. ಹಗಲೆಲ್ಲ ಕೊಟ್ಟಿಗೆಯ ಕಂಬದಲ್ಲಿ ಕಟ್ಟಿದ ನಾಯಿ ಮೂರೇ ದಿನದಲ್ಲಿ ಬೇರೆ ನಾಯಿಯಾಯಿತು. ರಾತ್ರಿಯೆಲ್ಲ ಊಳಿಟ್ಟ. ಅಡಿಕೆ ಒಣಗಿಸುವ ತಟ್ಟಿಯ ಅಂಚನ್ನು ಕಡಿದು ಚೂರು ಮಾಡಿದ. ಹತ್ತಿರ ಹೋದ ಚಿಕ್ಕ ಮಗಳ ಮೇಲೆ ಹಾರಿ ಬೀಳಿಸಿದ. ಮನೆಯಲ್ಲಿ, "ಯಾರಿಗಾದರೂ ಕೊಟ್ಟುಬಿಡೋಣ" ಎಂಬ ಮಾತು ಹುಟ್ಟಿತು.

ಡಿಸೆಂಬರಿನಲ್ಲಿ ಕಾಫಿ ಹಣ್ಣು ಕೊಯ್ಯುತ್ತಿದ್ದಾಗ ಒಂದು ಸಂಜೆ ಕೊರಳಪಟ್ಟಿ ಹರಿದುಕೊಂಡು ಹೋದವನು ರಾತ್ರಿ ಎಂಟರವರೆಗೆ ಬರಲಿಲ್ಲ. ಟಾರ್ಚು ಹಿಡಿದು ಹುಡುಕಿದರೆ ಹಳ್ಳದ ಪಕ್ಕ ಬಿದ್ದಿದ್ದ. ಕಾಡುಹಂದಿಯ ಬೆನ್ನುಹತ್ತಿರಬೇಕು. ತೊಡೆಯಿಂದ ಪಕ್ಕೆಯವರೆಗೆ ಒಂದು ಗೇಣು ಸೀಳಿತ್ತು. ಹಾಳೆಯ ಮೇಲೆ ಮಲಗಿಸಿ ಎತ್ತಿ ತಂದೆವು. ಬೆಳಿಗ್ಗೆ ಪಶುವೈದ್ಯರು ಹೊಲಿಗೆ ಹಾಕಿ, "ಇನ್ನೊಂದು ಅಂಗುಲ ಆಳವಾಗಿದ್ದರೆ ಕರುಳಿಗೆ ಬರುತ್ತಿತ್ತು" ಎಂದರು. ಆ ರಾತ್ರಿ ಅವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಬಚ್ಚಲಿನ ಒಲೆಯ ಮುಂದೆ ಕೂತಿದ್ದವರು ನಮ್ಮ ತಾಯಿಯವರು. ಕೊಟ್ಟುಬಿಡುವ ಮಾತು ಆಮೇಲೆ ಮನೆಯಲ್ಲಿ ಏಳಲಿಲ್ಲ.

"ನೀವು ಸರಪಳಿ ಕೊಟ್ಟಿರಿ"

ನಮ್ಮಲ್ಲಿ ನಲವತ್ತು ವರ್ಷ ಕೊನೆ ಕೊಯ್ದ ಹಿರಿಯರೊಬ್ಬರಿದ್ದಾರೆ. ಅವರ ತಂದೆ ಹಿಂದಿನ ಕಾಲದಲ್ಲಿ ಶಿಕಾರಿಗೆ ನಾಯಿ ಪಳಗಿಸುತ್ತಿದ್ದವರು. ಗಾಯಗೊಂಡ ಕೆಂಚನನ್ನು ನೋಡಿ ಅವರು ಹೇಳಿದರು: "ಅಯ್ಯಾ, ಇದು ಕೆಲಸದ ಜಾತಿ. ಇದು ಕೆಲಸ ಕೇಳಿತು, ನೀವು ಸರಪಳಿ ಕೊಟ್ಟಿರಿ. ನೀವು ಕೊಡದಿದ್ದರೆ ಅದೇ ಹುಡುಕಿಕೊಳ್ಳುತ್ತದೆ."

ಈ ಒಂದು ಮಾತು ನಮ್ಮ ಕಣ್ಣು ತೆರೆಸಿತು. ಕೋಳಿ ತಂದದ್ದು ಕಳ್ಳತನವಲ್ಲ, ತಾಯಿಯ ಕಡೆಯಿಂದ ಬಂದ ಕೆಲಸ. ಪೊದೆ ಹೊಕ್ಕು ಹಂದಿ ಎಬ್ಬಿಸಿದ್ದು ತಂದೆಯ ಕಡೆಯ ಕೆಲಸ. ಹೊಡೆದು ಅದನ್ನು ಬಿಡಿಸಲಾಗದು. ಹಾಗೆಂದು ಬೇಟೆಗೆ ಬಿಡುವ ಪ್ರಶ್ನೆಯೂ ಇಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ಕೊಲ್ಲುವುದಷ್ಟೇ ಅಲ್ಲ, ಪ್ರಾಣಿಯನ್ನು ಬೆನ್ನಟ್ಟುವುದು, ಸೋಹುವುದು, ಉರುಳು ಒಡ್ಡುವುದು ಎಲ್ಲವೂ ಬೇಟೆಯೇ. ತೋಟದಂಚಿನ ಕಾಡುಕೋಳಿ, ಮೊಲ, ಕಬ್ಬೆಕ್ಕುಗಳಿಗೂ ಬದುಕುವ ಹಕ್ಕಿದೆ. ಆದ್ದರಿಂದ ಬೇಟೆಯಿಲ್ಲದ ಬೇಟೆಯ ಕೆಲಸವನ್ನು ನಾವೇ ಹುಟ್ಟಿಸಿಕೊಡಬೇಕಾಯಿತು. ಗಾಯ ಮಾಗಿದ ಮೇಲೆ ನಾವು ನಡೆಸಿದ ಕ್ರಮ ಹೀಗಿದೆ.

ಮೊದಲನೆಯದು, ಕರೆದರೆ ಬರುವುದು. ಮೂವತ್ತು ಅಡಿಯ ಹಗುರ ಹಗ್ಗವನ್ನು ಪಟ್ಟಿಗೆ ಕಟ್ಟಿ ಗದ್ದೆಯ ಬಯಲಿಗೆ ಕರೆದೊಯ್ಯುತ್ತಿದ್ದೆವು. ಒಂದೇ ಶಬ್ದ, ಎರಡು ಸಲ ಸೀಟಿ. ಬಂದರೆ ಒಂದು ಚೂರು ಬೇಯಿಸಿದ ಮೊಟ್ಟೆ. ಬಾರದಿದ್ದರೆ ಬೈಯದೆ ಹಗ್ಗವನ್ನು ಮೆಲ್ಲಗೆ ಎಳೆದುಕೊಳ್ಳುವುದು. ಎಷ್ಟೇ ತಪ್ಪು ಮಾಡಿರಲಿ, ಬಂದ ನಾಯಿಗೆ ಹೊಡೆಯಕೂಡದು. ಬಂದದ್ದಕ್ಕೇ ಏಟು ಬಿತ್ತೆಂದು ಅದು ತಿಳಿಯುತ್ತದೆ, ಇನ್ನೊಮ್ಮೆ ಬರುವುದಿಲ್ಲ. ಹೀಗೆ ಬೆಳಿಗ್ಗೆ ಹತ್ತು ನಿಮಿಷ, ಸಂಜೆ ಹತ್ತು ನಿಮಿಷ. ಹಗ್ಗ ಬಿಚ್ಚಲು ಮೂರು ತಿಂಗಳು ಹಿಡಿಯಿತು.

ಎರಡನೆಯದು, ಹೆಕ್ಕಿ ತರುವ ಕೆಲಸ. ಹಳೆಯ ಗೋಣಿಯ ತುಂಡನ್ನು ಸುತ್ತಿ ಹೊಲಿದು ಒಂದು ಸುರುಳಿ ಮಾಡಿದೆವು. ಎಸೆದರೆ ತರಬೇಕು, ಕೈಗೇ ಕೊಡಬೇಕು. ಕೊಟ್ಟ ಮೇಲೆ ಮತ್ತೆ ಎಸೆಯುತ್ತೇವೆ. ಮತ್ತೆ ಎಸೆಯುವುದೇ ಅವನಿಗೆ ಬಹುಮಾನ. ಚಪ್ಪಲಿ ತಂದರೆ ಓಡಿಸಿಕೊಂಡು ಹೋಗುವುದನ್ನು ಬಿಟ್ಟೆವು. ಓಡಿಸಿಕೊಂಡು ಹೋದರೆ ಅದೂ ಒಂದು ಆಟವಾಗುತ್ತದೆ. ಬದಲಿಗೆ ಸುರುಳಿಯನ್ನು ತೋರಿಸಿದರೆ ಚಪ್ಪಲಿಯನ್ನು ತಾನೇ ಬಿಡುತ್ತಾನೆ.

ಮೂರನೆಯದು, ಮೂಗಿನ ಕೆಲಸ. ಅದೇ ಸುರುಳಿಯನ್ನು ಮಕ್ಕಳು ಬಣವೆಯ ಹಿಂದೆಯೋ ದರಗಿನ ರಾಶಿಯಲ್ಲಿಯೋ ಬಚ್ಚಿಟ್ಟು "ಹುಡುಕು" ಎನ್ನುತ್ತಾರೆ. ಒಂದು ಮೈಲಿ ಓಡಿದರೂ ಆಗದ ದಣಿವು ಕಾಲು ಗಂಟೆ ಮೂಗು ಕೆಲಸ ಮಾಡಿದರೆ ಆಗುತ್ತದೆಂಬುದನ್ನು ನಾವು ಕಣ್ಣಾರೆ ಕಂಡೆವು. ಆ ಬಳಿಕ ಊಳಿಡುವುದು ನಿಂತಿತು.

ನಾಲ್ಕನೆಯದು ಕೋಳಿ. ಇದಕ್ಕೆ ಕೆಳಮನೆ ಅಕ್ಕನವರ ಒಪ್ಪಿಗೆಯೇ ಬೇಕಾಯಿತು. ಸತ್ತ ಕೋಳಿಯ ಬದಲಿಗೆ ಎರಡು ಹೇಂಟೆ ಕೊಂಡೊಯ್ದು ಕೊಟ್ಟು, ಬೇಲಿಗೆ ನಮ್ಮ ಖರ್ಚಿನಲ್ಲಿ ಬಲೆ ಕಟ್ಟಿಸಿ, ತಪ್ಪಾಯಿತೆಂದು ಹೇಳಿದ ಮೇಲೆ ಅವರು ಒಪ್ಪಿದರು. ಹಗ್ಗ ಹಿಡಿದು ಕೋಳಿಗಳಿಂದ ಐವತ್ತು ಹೆಜ್ಜೆ ದೂರದಲ್ಲಿ ಕೂರಿಸುವುದು, ಕೋಳಿಯಿಂದ ಮುಖ ತಿರುಗಿಸಿ ನಮ್ಮನ್ನು ನೋಡಿದ ಕ್ಷಣವೇ ತಿಂಡಿ ಕೊಡುವುದು. ವಾರಕ್ಕೆ ಐದು ಹೆಜ್ಜೆ ಮುಂದೆ. ಆತುರಪಟ್ಟ ದಿನ ಕೆಲಸ ಕೆಟ್ಟಿತು. ಮಳೆಗಾಲ ಬರುವ ಹೊತ್ತಿಗೆ ಹತ್ತು ಹೆಜ್ಜೆಯಲ್ಲಿ ಕೂರುವುದನ್ನು ಕಲಿತ. ಆದರೂ ಒಂದು ಮಾತು. ನಾವಿಲ್ಲದಾಗ ಅವನನ್ನೂ ಕೋಳಿಗಳನ್ನೂ ಒಂದೇ ಅಂಗಳದಲ್ಲಿ ಇಂದಿಗೂ ಬಿಡುವುದಿಲ್ಲ. ಪಳಗಿದೆ ಎಂದರೆ ರಕ್ತ ಬದಲಾಗಿದೆ ಎಂದರ್ಥವಲ್ಲ.

ಊಟದ ವಿಚಾರ

ಕೆಂಚನಿಗೆ ಹೊಟ್ಟೆ ತುಂಬಿತೆಂಬುದೇ ಇಲ್ಲ. ಮದುವೆಯೂಟದ ಎಲೆಯಿಂದ ಹಿಡಿದು ಕರುವಿನ ಬೂಸದವರೆಗೆ ಎಲ್ಲವೂ ಆಗಬೇಕು. ಇದು ಬರಿಯ ಹೊಟ್ಟೆಬಾಕತನವಲ್ಲವೆಂದು ಈಗ ಗೊತ್ತಾಗಿದೆ. 2016ರಲ್ಲಿ ಕೇಂಬ್ರಿಜ್ ವಿಶ್ವವಿದ್ಯಾಲಯದ ಸಂಶೋಧಕರು ಸುಮಾರು ನಾಲ್ಕರಲ್ಲಿ ಒಂದು ಲ್ಯಾಬ್ರಡಾರ್‌ನಲ್ಲಿ, ಹಸಿವನ್ನು ಹತೋಟಿಯಲ್ಲಿಡುವ ಒಂದು ವಂಶವಾಹಿಯ ತುಣುಕೇ ಇಲ್ಲವೆಂದು ಕಂಡುಹಿಡಿದರು. ಅಂಥ ನಾಯಿ ಕೇಳಿದಷ್ಟೂ ಹಾಕಿದರೆ ಬೊಜ್ಜು ಬೆಳೆದು ಸೊಂಟದ ಕೀಲು ಹಾಳಾಗುತ್ತದೆ. ಪಕ್ಕೆಯ ಮೇಲೆ ಕೈಯಾಡಿಸಿದರೆ ಮೂಳೆ ಕೈಗೆ ಹತ್ತಬೇಕು, ಮೇಲಿಂದ ನೋಡಿದರೆ ಸೊಂಟ ಕಾಣಬೇಕು. ಅದೇ ಅಳತೆ.

ಅನ್ನ ಮಜ್ಜಿಗೆ ಮಾತ್ರ ಹಾಕಿ ಬೆಳೆಸಿದರೆ ಇಂಥ ನಾಯಿಗೆ ಸಾಲದು. ಮಾಂಸ ಮಾಡದ ಮನೆಯವರು ಮೊಟ್ಟೆಯನ್ನೋ ಅಂಗಡಿಯ ಸಿದ್ಧ ಆಹಾರವನ್ನೋ ಸೇರಿಸುವುದು ಒಳ್ಳೆಯದು. ಈರುಳ್ಳಿ ಹಾಕಿದ ಹುಳಿ, ದ್ರಾಕ್ಷಿ ಬಿದ್ದ ಪಾಯಸ, ಚಾಕಲೇಟು ಇವು ನಾಯಿಗೆ ವಿಷ. ಹಬ್ಬದ ಮರುದಿನ ಉಳಿದದ್ದನ್ನೆಲ್ಲ ನಾಯಿಗೆ ಸುರಿಯುವ ಅಭ್ಯಾಸ ಇದ್ದವರು ಇದನ್ನು ನೆನಪಿಡಬೇಕು.

ನಮ್ಮ ತೋಟದಲ್ಲಿಯೇ ಇರುವ ಅಪಾಯ

ಪೇಟೆಯ ನಾಯಿಪುಸ್ತಕಗಳಲ್ಲಿ ಇರದ ಕೆಲವು ಸಂಗತಿಗಳು ನಮ್ಮವರಿಗೆ ಮುಖ್ಯ.

ಕಾಫಿ ಹಣ್ಣು ಸಿಹಿ. ಕೆಂಚ ಗಿಡದ ಕೆಳಗೆ ಬಿದ್ದದ್ದನ್ನು ಹೆಕ್ಕಿ ತಿನ್ನುತ್ತಿದ್ದ. ಬೀಜದಲ್ಲಿರುವ ಕೆಫೀನ್ ನಾಯಿಗೆ ಆಗದು. ಎದೆಬಡಿತ ಏರಿ ನಡುಕ ಬರುತ್ತದೆ. ಅರೇಬಿಕಾಕ್ಕಿಂತ ರೊಬಸ್ಟಾದಲ್ಲಿ ಕೆಫೀನ್ ಸುಮಾರು ಇಮ್ಮಡಿ. ಅಡಿಕೆಯ ನಡುವೆ ಕೋಕೋ ಬೆಳೆದವರ ಮನೆಯಲ್ಲಿ ಕೋಕೋ ಬೀಜವೂ ಇದೇ ಬಗೆಯ ವಿಷ. ಕುಯ್ಲಿನ ಕಾಲದಲ್ಲಿ ಕಣದ ಹತ್ತಿರ ನಾಯಿಯನ್ನು ಬಿಡಬಾರದು.

ಬೋರ್ಡೋ ದ್ರಾವಣ ಹೊಡೆಯುವ ದಿನ ಪೀಪಾಯಿಯ ನೀರನ್ನು ನೆಕ್ಕದಂತೆ ನೋಡಿಕೊಳ್ಳಿ. ಮೈಲುತುತ್ತ ಹೊಟ್ಟೆಗೆ ಹೋದರೆ ವಾಂತಿಯಿಂದ ಹಿಡಿದು ಪಿತ್ತಜನಕಾಂಗದವರೆಗೆ ತೊಂದರೆ. ಲ್ಯಾಬ್ರಡಾರ್ ರಕ್ತದ ನಾಯಿ ನೀರು ಕಂಡಲ್ಲಿ ಬೀಳುತ್ತದೆ, ಸಿಂಪರಣೆಯ ಡಬ್ಬಿ ತೊಳೆದ ಹೊಂಡವನ್ನೂ ಬಿಡುವುದಿಲ್ಲ. ಇಲಿ ಪಾಷಾಣ, ಬಸವನಹುಳುವಿಗೆ ಇಡುವ ವಿಷದ ಗುಳಿಗೆ ಇವೆರಡರಿಂದ ಸಾಯುವ ನಾಯಿಗಳು ಬಹಳ. ತಿಂದದ್ದು ಗೊತ್ತಾದರೆ ಮನೆಮದ್ದಿನಲ್ಲಿ ಹೊತ್ತು ಕಳೆಯದೆ, ಔಷಧದ ಪೊಟ್ಟಣವನ್ನೂ ಹಿಡಿದು ಪಶುವೈದ್ಯರಲ್ಲಿಗೆ ಹೋಗಬೇಕು.

ಅಡಿಕೆಯ ವಿಚಾರವೊಂದು ಸ್ವಾರಸ್ಯವಾಗಿದೆ. ನಮ್ಮ ಅಡಿಕೆಯಲ್ಲಿರುವ ಅರೆಕೋಲಿನ್ ಎಂಬ ಸತ್ವ ಹಿಂದೆ ನಾಯಿಗಳ ಲಾಡಿಹುಳುವಿಗೆ ಹೆಸರಾಂತ ಔಷಧವಾಗಿತ್ತು. ನ್ಯೂಜಿಲೆಂಡಿನಲ್ಲಿ ಕುರಿ ಕಾಯುವ ನಾಯಿಗಳಿಗೆ ಇದನ್ನು ಕೊಟ್ಟು ಹುಳುವನ್ನು ಹೊರಹಾಕಿಸುತ್ತಿದ್ದರು. 1970ರ ದಶಕದಲ್ಲಿ ಪ್ರಾಜಿಕ್ವಾಂಟೆಲ್ ಎಂಬ ಸುರಕ್ಷಿತ ಮಾತ್ರೆ ಬಂದ ಮೇಲೆ ಇದು ಹಿಂದೆ ಸರಿಯಿತು. ಹಾಗೆಂದು ಯಾರೂ ಅಡಿಕೆ ಅರೆದು ನಾಯಿಗೆ ಹಾಕಬೇಡಿ. ಔಷಧಕ್ಕೂ ವಿಷಕ್ಕೂ ನಡುವಿನ ಅಂತರ ಅದರಲ್ಲಿ ಬಹಳ ಕಡಿಮೆ.

ಮಳೆಗಾಲದಲ್ಲಿ ಉಂಬಳ ಮೂಗಿನ ಹೊಳ್ಳೆಗೆ ಹೊಕ್ಕರೆ ನಾಯಿ ಸೀನುತ್ತದೆ, ರಕ್ತ ಸೋರುತ್ತದೆ. ಜೋಲುಕಿವಿಯ ನಾಯಿಗೆ ಕಿವಿಯೊಳಗೆ ತೇವ ನಿಂತು ಕೀವಾಗುತ್ತದೆ. ಕೆಂಚನ ಕಿವಿಯನ್ನು ಮಳೆಗಾಲದಲ್ಲಿ ದಿನವೂ ಎತ್ತಿ ಒಣ ಬಟ್ಟೆಯಿಂದ ಒರೆಸುತ್ತೇವೆ. ಬೇಸಿಗೆ ಬಂದರೆ ಉಣುಗಿನ ಕಾಟ. ಇವುಗಳಿಂದ ನಾಯಿಗೆ ಬರುವ ಜ್ವರದಲ್ಲಿ ಒಸಡು ಬಿಳಿಚಿಕೊಂಡು ಊಟ ಬಿಡುತ್ತದೆ, ತಡಮಾಡಿದರೆ ಉಳಿಯುವುದಿಲ್ಲ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಕಾಣಿಸಿಕೊಂಡ ಮಂಗನ ಕಾಯಿಲೆಯೂ ಉಣುಗಿನಿಂದಲೇ ಹರಡುವುದು. ಕಾಡು ಸುತ್ತಿದ ನಾಯಿಯ ಕೂದಲಿನಲ್ಲಿ ಉಣುಗು ಮನೆಯೊಳಗೆ ಬರಬಹುದಾದ್ದರಿಂದ ಡಿಸೆಂಬರಿನಿಂದ ಮೇವರೆಗೆ ನಾಯಿಯನ್ನು ಕಾಡಿಗೆ ಬಿಡದಿರುವುದು ಮನೆಯವರ ಕ್ಷೇಮಕ್ಕೂ ಒಳ್ಳೆಯದು. ಕತ್ತಲಾದ ಮೇಲೆ ನಾಯಿಯನ್ನು ಒಳಗೆ ಸೇರಿಸಿಕೊಳ್ಳಬೇಕು. ಅಂಗಳದಲ್ಲಿ ಕಟ್ಟಿದ ನಾಯಿ ಚಿರತೆಗೆ ಬಡಿಸಿಟ್ಟ ಎಲೆ.

ಚುಚ್ಚುಮದ್ದು ಮತ್ತು ಮಕ್ಕಳು

ಮರಿಗೆ ಆರರಿಂದ ಎಂಟು ವಾರವಾದಾಗ ಪಾರ್ವೋ, ಡಿಸ್ಟೆಂಪರ್ ಮುಂತಾದ ರೋಗಗಳ ಚುಚ್ಚುಮದ್ದು ಪ್ರಾರಂಭಿಸಿ, ಮೂರು ನಾಲ್ಕು ವಾರಕ್ಕೊಮ್ಮೆ ಹದಿನಾರು ವಾರ ತುಂಬುವವರೆಗೆ ಕೊಡಿಸಬೇಕು. ಮೂರು ತಿಂಗಳಿಗೆ ಹುಚ್ಚುನಾಯಿ ರೋಗದ್ದು, ಆಮೇಲೆ ವೈದ್ಯರು ಹೇಳಿದಂತೆ ವರ್ಷ ವರ್ಷವೂ. ನಮ್ಮ ಕಡೆ ಇಲಿಜ್ವರ ಇರುವುದರಿಂದ ಅದರ ಲಸಿಕೆಯನ್ನೂ ಕೇಳಿ ಹಾಕಿಸಿ. ಮರಿಗಳ ಗೊಡವೆ ಬೇಡದವರು ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸುವುದು ಲೇಸು. ಬೇಡದ ಮರಿಗಳನ್ನು ಚೀಲದಲ್ಲಿ ಕಟ್ಟಿ ಪೇಟೆಯ ಸಂತೆಯಲ್ಲಿ ಬಿಟ್ಟುಬರುವ ಪಾಪ ಆಗ ತಪ್ಪುತ್ತದೆ.

ಯಾವ ನಾಯಿ ಕಚ್ಚಿದರೂ, ಮನೆಯದ್ದೇ ಪರಚಿದರೂ, ಗಾಯವನ್ನು ಸೋಪು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು ಕೂಡಲೇ ಆಸ್ಪತ್ರೆಗೆ ಹೋಗಬೇಕು. ಸುಣ್ಣ, ಮೆಣಸಿನಪುಡಿ, ಕಾಫಿಪುಡಿ ಹಚ್ಚುವುದು ಬೇಡ. ಹೊಕ್ಕುಳ ಸುತ್ತ ಹದಿನಾಲ್ಕು ಸೂಜಿ ಚುಚ್ಚುತ್ತಾರೆಂಬ ಭಯದಿಂದ ಮುಚ್ಚಿಡುವವರು ಇನ್ನೂ ಇದ್ದಾರೆ. ಆ ಹಳೆಯ ಲಸಿಕೆಯ ಕಾಲ ಎಂದೋ ಮುಗಿಯಿತು. ಈಗ ಕೊಡುವುದು ತೋಳಿಗೆ, ಕೆಲವೇ ಸಲ. ರೋಗ ಕಾಣಿಸಿಕೊಂಡ ಮೇಲೆ ಮಾತ್ರ ಔಷಧವಿಲ್ಲ.

ಮಕ್ಕಳಿಗೆ ನಾವು ಹೇಳಿಕೊಟ್ಟದ್ದು ಮೂರೇ ಮಾತು. ಉಣ್ಣುವಾಗ ಮುಟ್ಟಬೇಡ. ಮಲಗಿದ್ದಾಗ ಹೆಸರು ಕೂಗಿ ಎಬ್ಬಿಸು, ಮೈಮೇಲೆ ಬೀಳಬೇಡ. ಬಾಯಲ್ಲಿರುವುದನ್ನು ಕಿತ್ತುಕೊಳ್ಳಬೇಡ, ಬದಲು ಕೊಟ್ಟು ಪಡೆ. ನಾಯಿಗೆ ಮಗುವಿನ ಜೊತೆ ಹೇಗಿರಬೇಕೆಂದು ಕಲಿಸಿದರಷ್ಟೇ ಸಾಲದು, ಮಗುವಿಗೂ ಕಲಿಸಬೇಕು.

ಮುಗಿಸುವ ಮುನ್ನ

ಕೆಂಚನಿಗೆ ಈಗ ನಾಲ್ಕು ವರ್ಷ ದಾಟಿತು. ಬೆಳಿಗ್ಗೆ ತೋಟಕ್ಕೆ ಹೊರಟರೆ ಮುಂದೆ ನಡೆಯುತ್ತಾನೆ, ಬಿದ್ದ ಹಾಳೆಗಳನ್ನು ಹೆಕ್ಕಿ ದಾರಿಯ ಬದಿಗೆ ತರುತ್ತಾನೆ. ಹತ್ತು ಹಾಳೆಯಲ್ಲಿ ಎರಡನ್ನು ಹರಿಯುತ್ತಾನೆ, ಅದು ಅವನ ಕೂಲಿ. ದರಗಿನ ಕೆಳಗೆ ಹಾವಿದ್ದರೆ ದೂರ ನಿಂತು ಬೇರೆಯೇ ದನಿಯಲ್ಲಿ ಬೊಗಳುತ್ತಾನೆ. ಆ ದನಿ ಕೇಳಿದರೆ ಕೆಲಸದವರೂ ನಿಲ್ಲುತ್ತಾರೆ. ಅವನು ಒಳ್ಳೆಯ ಕಾವಲುಗಾರನಲ್ಲ. ಗುರುತಿಲ್ಲದವರು ಬಂದರೂ ಸುರುಳಿ ಕಚ್ಚಿಕೊಂಡು ಹೋಗಿ ಎದುರು ನಿಲ್ಲುತ್ತಾನೆ. ಕಾವಲಿಗೆಂದೇ ನಾಯಿ ಬೇಕಾದವರಿಗೆ ನಮ್ಮ ನಾಡನಾಯಿಯೇ ಮೇಲೆಂದು ಹೇಳಬೇಕಾಗುತ್ತದೆ.

ಮರಿ ತರುವ ಮುಂಚೆ ಮೂರು ಪ್ರಶ್ನೆ ಕೇಳಿಕೊಳ್ಳಿ ಎಂದು ಸದಸ್ಯ ಬಂಧುಗಳಲ್ಲಿ ನಮ್ಮ ವಿನಂತಿ. ತಾಯಿ ತಂದೆ ಯಾವ ಕೆಲಸದ ಜಾತಿ? ಕುಯ್ಲಿನ ಕಾಲದಲ್ಲೂ ದಿನಕ್ಕೊಂದು ಗಂಟೆ ಅದಕ್ಕಾಗಿ ಕೊಡುವವರು ಮನೆಯಲ್ಲಿ ಯಾರು? ನೆರೆಮನೆಯ ಕೋಳಿ, ಕುರಿ, ಕರುವಿಗೆ ಹೊಣೆ ಯಾರು? ಮೂರಕ್ಕೂ ಉತ್ತರವಿದ್ದರೆ ತನ್ನಿ. ತಂದ ಮೇಲೆ ಒಂದು ವರ್ಷ ಅದರ ನಡೆಯನ್ನು ನೋಡಿ, ಅದಕ್ಕೆ ಒಗ್ಗುವ ಕೆಲಸ ಕೊಡಿ.

ಕಳೆದ ಸಂಕ್ರಾಂತಿಯ ದಿನ ಕೆಳಮನೆ ಅಕ್ಕನವರು ಎಳ್ಳು ಬೀರಲು ಬಂದರು. ಹಿಂದೆಯೇ ಅವರ ಕೋಳಿಯೊಂದು ಅಂಗಳಕ್ಕೆ ಬಂತು. ಜಗಲಿಯಲ್ಲಿದ್ದ ಕೆಂಚ ಎದ್ದು ನಿಂತ. ಎಲ್ಲರೂ ಉಸಿರು ಹಿಡಿದೆವು. ಅವನು ಕೋಳಿಯನ್ನು ನೋಡಿದ, ತಿರುಗಿ ನಮ್ಮನ್ನು ನೋಡಿದ, ಮೂಲೆಗೆ ಹೋಗಿ ತನ್ನ ಗೋಣಿಯ ಸುರುಳಿಯನ್ನು ಕಚ್ಚಿ ತಂದು ಅಕ್ಕನವರ ಕಾಲ ಬಳಿ ಇಟ್ಟ. ಅವರು ಸ್ವಲ್ಪ ಹೊತ್ತು ನೋಡಿದರು. "ಇದನ್ನೇನು ಮಾಡಬೇಕಂತೆ?" ಎಂದು ಕೇಳಿದರು.

"ಎಸೆಯಬೇಕಂತೆ ಅಕ್ಕ" ಎಂದೆವು.

ಎಳ್ಳಿನ ತಟ್ಟೆಯನ್ನು ಕಟ್ಟೆಯ ಮೇಲಿಟ್ಟು, ಸೆರಗು ಸಿಕ್ಕಿಸಿಕೊಂಡು ಅವರು ಎಸೆದರು.